ದ್ರವ್ಯಲಾಘವದ ಪರಮಾವಧಿ

ಗೊತ್ತಾದ ಭಾರವನ್ನು ಹೊರಲು ಎಷ್ಟು ದ್ರವ್ಯವು ಅವಶ್ಯವೋ ಅಷ್ಟನ್ನೇ, ಅವಶ್ಯವಾದೆಡೆಯಲ್ಲಿಯೇ ಇರಿಸುವ ವಿದ್ಯೆಯು ಗಣಕಯಂತ್ರದೊಡನೆ ಹುಟ್ಟಿತೆಂದು ಹಲವರು ಭಾವಿಸಿರುವರು. ಈ ಮತವು ಪರೀಕ್ಷೆಗೆ ನಿಲ್ಲತಕ್ಕುದಲ್ಲ.

1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇಟಲಿಯ ಗೆಲಿಲಿಯೋ, ಒಂದು ತುದಿಯು ಗೋಡೆಯಲ್ಲಿ ನಾಟಿ ಮತ್ತೊಂದು ತುದಿಯಲ್ಲಿ ಭಾರವನ್ನು ಹೊತ್ತ ತೊಲೆಯನ್ನು ವಿಚಾರಿಸಿರುವನು. ಅದನ್ನು ಪರವಲಯಾಕಾರವಾಗಿ ಕೆತ್ತಿದರೆ ದ್ರವ್ಯದಲ್ಲಿ ಮೂರನೆಯ ಒಂದು ಪಾಲು ಮಿಗುವುದು, ಬಲವು ಕುಂದದು. ತೊಲೆಯೊಳಗೆ ಬಲಗಳು ಹಂಚಿಹೋಗುವ ಬಗೆಯನ್ನು ಆತನು ತಪ್ಪಾಗಿ ಗ್ರಹಿಸಿದ್ದನು. ಆದರೂ ತೊಲೆಯ ಶಕ್ತಿಯು ಅದರ ಎತ್ತರದ ವರ್ಗವನ್ನು ಅನುಸರಿಸುವುದೆಂಬ ಅಂಶವು ಸರಿಯಾಗಿದ್ದುದರಿಂದ ಆಕೃತಿಯು ಕೆಡಲಿಲ್ಲ.

ಆದರೆ ಒಂದು ತೊಲೆಯನ್ನು ತೆಳ್ಳಗೆ ಮಾಡುವುದು ಬೇರೆ. ಯಾವ ರಚನೆಯೂ ಮೀರಲಾರದ ಎಲ್ಲೆಯನ್ನು ಕಾಣುವುದು ಬೇರೆ. ಇದನ್ನು ಸಾಧಿಸಿದವನು ಆಸ್ಟ್ರೇಲಿಯದ ಮೆಲ್ಬೋರ್ನಿನ ಯಂತ್ರಶಿಲ್ಪಿ ಮಿಚೆಲ್. ಮ್ಯಾಕ್ಸ್‌ವೆಲ್ಲನು 1870ರಲ್ಲಿ ಪ್ರಕಟಿಸಿದ ಒಂದು ಪ್ರಮೇಯವನ್ನು ಆಧರಿಸಿ, ಮಿಚೆಲನು 1904ರ ಲೇಖನದಲ್ಲಿ ಅತ್ಯಲ್ಪ ದ್ರವ್ಯದ ಚೌಕಟ್ಟಿನ ಲಕ್ಷಣವನ್ನು ನಿರ್ಣಯಿಸಿದನು. ಎಳೆತವನ್ನು ತಾಳುವ ಸರಳುಗಳೂ ಒತ್ತಡವನ್ನು ತಾಳುವ ಸರಳುಗಳೂ ಸಂಧಿಸುವಲ್ಲೆಲ್ಲ ಪರಸ್ಪರ ಲಂಬವಾಗಿರತಕ್ಕುದು. ಲಕ್ಷಣವೇನೋ ನಿರ್ದುಷ್ಟ. ಆದರೆ ಅದರಂತೆ ನಡೆದರೆ ಸಾಮಾನ್ಯವಾಗಿ ಸರಳುಗಳು ಅಸಂಖ್ಯವೂ ಕೂದಲೆಳೆಗಿಂತ ಸೂಕ್ಷ್ಮವೂ ಆಗುವುವು. ಯಾವ ಕಮ್ಮಾರನೂ ಅವನ್ನು ಮಾಡಲಾರನು. ಅತಿಲಘುವಾದ ಸೂತ್ರವು ವ್ಯಾಖ್ಯಾನವಿಲ್ಲದೆ ಉಪಯೋಗಕ್ಕೆ ಬಾರದಂತೆ, ಈ ಲೇಖನವೂ ಸುಮಾರು ಅರ್ಧ ಶತಮಾನ ಬಹುಮಟ್ಟಿಗೆ ಉಪೇಕ್ಷಿತವಾಯಿತು. ಮಿಚೆಲನಿಗೆ ಕೀರ್ತಿ ಬಂದುದು ಹಡಗಿನ ಯಂತ್ರಗಳಿಗೆ ಒದಗಿದ ಬೇರಿಂಗಿನಿಂದ.

1988ರಲ್ಲಿ ಬೆಂಡ್ಸೋ ಮತ್ತು ಕಿಕೂಚಿ ಎಂಬ ವಿದ್ವಾಂಸರು ಗಣಕಯಂತ್ರದ ಮಾರ್ಗವನ್ನು ತೆರೆದರು. ಅದರಲ್ಲಿ ಸ್ಥಳವನ್ನೆಲ್ಲ ಸಣ್ಣ ಕೋಶಗಳಾಗಿ ವಿಭಾಗಿಸಿ, ಭಾರವನ್ನು ಹೆಚ್ಚು ಹೊರುವ ಕೋಶಕ್ಕೆ ದ್ರವ್ಯವನ್ನು ಕೂಡಿಸಿ, ಸುಮ್ಮನಿರುವ ಕೋಶದಿಂದ ತೆಗೆದು, ಮತ್ತೆ ಗಣಿಸುವುದು. ಹೀಗೆ ನೂರಾರು ಆವೃತ್ತಿ. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಕೋಶಗಳನ್ನು ಸೂಕ್ಷ್ಮ ಮಾಡಿದಷ್ಟೂ ಯಂತ್ರವು ಸೂಕ್ಷ್ಮತರವಾದ ಎಳೆಗಳನ್ನೇ ಕೊಡುತ್ತ ಹೋಯಿತು, ಎಲ್ಲಿಯೂ ನಿಲ್ಲಲಿಲ್ಲ. ಕೆಲವರು ಇದನ್ನು ಗಣನೆಯ ದೋಷವೆಂದೆಣಿಸಿದುದು ಅರ್ಧಸತ್ಯ. ಮಿಚೆಲನು ಕಂಡ ಅಸಂಖ್ಯ ಸರಳುಗಳೇ ಇವು! ಆದುದರಿಂದ ಎಳೆಯ ಕನಿಷ್ಠ ದಪ್ಪವನ್ನು ವಿಧಿಸುವ ನಿಯಮಗಳು ಬೇಕಾದುವು. 2001ರಲ್ಲಿ ಡೆನ್ಮಾರ್ಕಿನ ಸಿಗ್ಮಂಡನು ಇಡೀ ವಿಧಾನವನ್ನು 99 ಪಂಕ್ತಿಗಳ ಕ್ರಮವಿಧಿಯಾಗಿ ಪ್ರಕಟಿಸಲು, ಅದು ವಿದ್ಯಾರ್ಥಿಗಳಿಗೂ ಸುಲಭಲಭ್ಯವಾಯಿತು. 2017ರಲ್ಲಿ ಅದೇ ದೇಶದ ವಿದ್ವಾಂಸರು ವಿಮಾನದ ರೆಕ್ಕೆಯೊಂದನ್ನು ನೂರು ಕೋಟಿಗೆ ಮೀರಿದ ಕೋಶಗಳಾಗಿ ವಿಭಾಗಿಸಿ ಗಣಿಸಿದರು. ಇಂದಿಗೂ ಹೊಸ ಗಣನವಿಧಾನವನ್ನು ಪರೀಕ್ಷಿಸುವವರು ಅದರ ಫಲವನ್ನು ಮಿಚೆಲನ ಚೌಕಟ್ಟುಗಳಿಗೆ ಹೋಲಿಸಿ ನೋಡುವುದುಂಟು.