ಬಳ್ಳಾರಿಯ ರಂಗಭೂಮಿ ಮತ್ತು ನಮ್ಮ ವಿದ್ಯಾರ್ಥಿಗಳು

ನಾಟಕಕಲೆಯನ್ನು ಒಂದು ಶಾಸ್ತ್ರವಾಗಿ ಕಾಲೇಜಿನಲ್ಲಿ ಅಭ್ಯಸಿಸುವ ಅನುಕೂಲ ಇಂದು ಒದಗಿದೆ. ಆದರೆ ಪಾಠದಿಂದಲೇ ನಟನಾಗಲು ಬರುವುದಿಲ್ಲ. ಓದುವ ಕಾಲದಲ್ಲಿಯೇ ರಂಗದ ಅನುಭವವನ್ನು ಎಲ್ಲಿ ಪಡೆಯಬೇಕು? ಪಶ್ಚಿಮ ಕರ್ನೂಲಿನ ಕನ್ನಡ ವಿದ್ಯಾರ್ಥಿಯ ಈ ಪ್ರಶ್ನೆಗೆ ಈ ಸೀಮೆಯ ಇತಿಹಾಸದಲ್ಲಿಯೇ ಉತ್ತರವುಂಟು.

ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಆದುದರಿಂದ ಹಳೆಯ ಬಳ್ಳಾರಿಯ ರಂಗಭೂಮಿಯ ಕಥೆ ನಮಗೆ ಪರಕೀಯವಲ್ಲ. ಅಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸವಿನೋದಿನೀ ಸಭೆಯನ್ನೂ, ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆಯನ್ನೂ ನಡೆಸಿದರು. ಇಬ್ಬರೂ ವಕೀಲರು, ಇಬ್ಬರೂ ನಾಟಕಕಾರರು. ಆಚಾರ್ಯರ ‘ಚಿತ್ರನಳೀಯ’ವು 1887ರಲ್ಲಿ ರಂಗವನ್ನೇರಿತು. ಈ ಸಭೆಗಳು ಹೊಟ್ಟೆಪಾಡಿನ ಕಂಪನಿಗಳಲ್ಲ. ಬೇರೆ ವೃತ್ತಿಯುಳ್ಳವರು ಕೂಡಿ ಕಟ್ಟಿದ ಹವ್ಯಾಸಿ ಸಂಘಗಳು.

ಆಚಾರ್ಯರ ಸೋದರಳಿಯ ರಾಘವರು 1880ರಲ್ಲಿ ತಾಡಪತ್ರಿಯಲ್ಲಿ ಜನಿಸಿದರು. ಬಾಲಕರಾಗಿದ್ದಾಗಲೇ ಬಣ್ಣ ಹಚ್ಚಿ, ಮುಂದೆ ಬಳ್ಳಾರಿಯಲ್ಲಿ ಷೇಕ್ಸ್‌ಪಿಯರ್ ಕ್ಲಬ್ಬನ್ನು ಸ್ಥಾಪಿಸಿದರು. ಹಾಗೆಂದು ವಿದ್ಯಾಭ್ಯಾಸವನ್ನು ಕೈಬಿಡಲಿಲ್ಲ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, 1905ರಲ್ಲಿ ಕಾನೂನು ಪದವಿ ಪಡೆದು, ಸೋದರಮಾವನ ಕೈಕೆಳಗೇ ವಕೀಲಿಯನ್ನು ಆರಂಭಿಸಿದರು. ಶ್ರೀನಿವಾಸರಾಯರ ‘ರಾಮರಾಜ ಚರಿತ್ರೆ’ಯಲ್ಲಿ ಅವರ ಪಠಾಣ ರುಸ್ತುಮನ ಪಾತ್ರ ಹೆಸರಾಯಿತು. ನ್ಯಾಯಾಲಯದಲ್ಲಿ ಹಿರಿಯರಾಗಿದ್ದವರೇ ರಂಗದಲ್ಲಿಯೂ ಹಿರಿಯರಾಗಿದ್ದುದು ಆ ತರುಣನ ಭಾಗ್ಯ.

ಇನ್ನೊಂದು ದಾರಿ ವೃತ್ತಿಕಂಪನಿಯದು. ಬಿ. ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿದರು. ರಂಗವಿದ್ಯೆ ಕೈಗೆ ಬಂತು, ಶಾಲೆ ಹಿಂದುಳಿಯಿತು. ಅವರನ್ನು ಓದಲು ಕಾಶಿಗೆ ಕಳುಹಿಸಿದವರು ಕಂಪನಿಯ ಯಜಮಾನರಾದ ವೀರಣ್ಣನವರೇ ಎಂಬುದು ಸ್ಮರಣೀಯ. ಮುಂದೆ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿಯೂ ಕಲಿತರು. ಅನುಭವ ಮೊದಲಾಯಿತು, ಶಾಸ್ತ್ರ ಅನಂತರ ಬಂತು. ಇವೆರಡನ್ನೂ ಸಮೀಪಕ್ಕೆ ತಂದುದು ಹೆಗ್ಗೋಡಿನ ನೀನಾಸಮ್. ಅಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವೂ, 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’ವೂ ಮೊದಲಾದವು.

ಹಳೆಯ ಸಭೆಗಳಲ್ಲಿ ಕೊರತೆಯೂ ಇದ್ದಿತು. ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ಆ ಅನುಭವದ ಬಾಗಿಲು ಮುಚ್ಚಿದ್ದಿತು. ಅದನ್ನು ತೆರೆಯಬೇಕೆಂದು ಮುಂದೆ ವಾದಿಸಿದವರಲ್ಲಿ ರಾಘವರೂ ಒಬ್ಬರು.

ನಟನ ಮೊದಲ ವಿದ್ಯಾಲಯವು ಅವನ ಊರಿನ ಸಂಘವೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಉಪಾಧ್ಯಾಯರು ವರ್ಷಕ್ಕೊಂದು ನಾಟಕವನ್ನು ನಿಷ್ಠೆಯಿಂದ ಆಡಿಸಲಿ. ವಿದ್ಯಾರ್ಥಿಗಳು ಮುಖ್ಯಪಾತ್ರಕ್ಕಾಗಿ ಕಾಯದೆ, ಪರದೆ ಎಳೆಯುವುದನ್ನೂ, ಮರೆಯಲ್ಲಿ ನಿಂತು ಮಾತು ಒದಗಿಸುವುದನ್ನೂ, ಬಣ್ಣ ಹಚ್ಚುವುದನ್ನೂ ಕಲಿಯಲಿ. ಕನ್ನಡ ತೆಲುಗುಗಳೆರಡೂ ನಾಲಗೆಯ ಮೇಲಿರುವ ಗಡಿನಾಡಿನ ಮಕ್ಕಳಿಗೆ ರಾಘವರ ರಂಗಭೂಮಿ ನ್ಯಾಯವಾಗಿ ಸಲ್ಲುವ ಪಿತ್ರಾರ್ಜಿತ. ಜಿಲ್ಲೆಯ ಗಡಿ ಬದಲಾದ ಮಾತ್ರಕ್ಕೆ ಅದು ಕೈತಪ್ಪಿ ಹೋಗಬಾರದು.