ಹಬ್ಬಾನಿಯದ ಶಿಕ್ಷಣ ವಿಮಾನಗಳು

ವಿಮಾನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅತಿವೇಗದವುಗಳನ್ನೂ ಅತಿಭಾರದವುಗಳನ್ನೂ ಕುರಿತೇ ಬರೆಯುತ್ತಾರೆ. ಹಾರುವುದನ್ನು ಕಲಿಸುವ ವಿಮಾನಗಳ ಸುದ್ದಿಯನ್ನು ಎತ್ತುವವರು ವಿರಳ. ಅವು ಮಠದ ಹಲಗೆ ಬಳಪಗಳಂತೆ. ಸವೆಯುವುದೇ ಅವುಗಳ ಕೆಲಸ. ಆದರೆ ೧೯೪೧ನೆಯ ಇಸವಿ ಮೇ ತಿಂಗಳಲ್ಲಿ ಇಂತಹ ಒಂದು ಶಾಲೆಯ ವಿಮಾನಗಳೇ ಯುದ್ಧ ಮಾಡಬೇಕಾಗಿ ಬಂದಿತು. ಅವುಗಳಲ್ಲಿ ಮುಖ್ಯವಾದುದು ‘ಹಾಕರ್ ಆಡ್ಯಾಕ್ಸ್’ ಎಂಬ ಜೋಡಿರೆಕ್ಕೆಯ ಯಂತ್ರ. ಆಡ್ಯಾಕ್ಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಧೈರ್ಯಶಾಲಿ.

ಸಿಡ್ನಿ ಕ್ಯಾಮ್ ಎಂಬಾತನು ರಚಿಸಿದ ‘ಹಾರ್ಟ್’ ವಿಮಾನವು ೧೯೨೮ರಲ್ಲಿ ಮೊದಲು ಹಾರಿದಾಗ, ಆ ಕಾಲದ ಬ್ರಿಟಿಷ್ ಕಾದಾಟದ ವಿಮಾನಗಳನ್ನೇ ಹಿಂದೆ ಹಾಕುವಷ್ಟು ಅದಕ್ಕೆ ವೇಗವಿದ್ದಿತು. ಅದರ ವಂಶದಲ್ಲಿ ೧೯೩೧ರ ಡಿಸೆಂಬರಿನಲ್ಲಿ ಹುಟ್ಟಿದುದೇ ಆಡ್ಯಾಕ್ಸ್. ಲೋಹದ ಕೊಳವೆಗಳ ಅಸ್ಥಿಪಂಜರ, ಮೇಲೆ ಬಟ್ಟೆಯ ಹೊದಿಕೆ. ಮುಂದೆ ಚಾಲಕ, ಹಿಂದೆ ಬಂದೂಕಿನವನು. ನೆಲದ ಮೇಲಿನ ಸೈನ್ಯಕ್ಕೆ ಕಣ್ಣಾಗಿರುವುದು ಅದರ ಉದ್ಯೋಗ. ಹಾರುತ್ತಿರುವಂತೆಯೇ ನೆಲದಿಂದ ಓಲೆಯನ್ನು ಎತ್ತಿಕೊಳ್ಳುವುದಕ್ಕೆ ಅದರ ಹೊಟ್ಟೆಯ ಕೆಳಗೆ ಒಂದು ಕೊಕ್ಕೆಯಿದ್ದಿತು. ಹತ್ತು ವರ್ಷ ತುಂಬುವುದರೊಳಗೆ ಅದು ಹಳತಾಯಿತು. ಇಂಡಿಯದ ವಾಯುಪಡೆಯವರೂ ಇದನ್ನು ಹಾರಿಸಿದ್ದುಂಟು. ಉಳಿದವುಗಳಲ್ಲಿ ಬಹುಪಾಲು ಶಾಲೆಗಳ ಪಾಲಾದುವು.

ಅಂತಹ ಶಾಲೆಗಳಲ್ಲೊಂದು ಇರಾಕಿನ ಹಬ್ಬಾನಿಯದಲ್ಲಿ, ಬಾಗ್ದಾದಿಗೆ ಪಶ್ಚಿಮಕ್ಕೆ ಸುಮಾರು ೫೫ ಮೈಲಿ ದೂರದಲ್ಲಿ, ಯೂಫ್ರಟೀಸ್ ನದಿಯ ದಡದಲ್ಲಿದ್ದಿತು. ೧೯೨೧ರಲ್ಲಿ ಈಜಿಪ್ಟಿನಲ್ಲಿ ಸ್ಥಾಪಿತವಾದ ಈ ಶಾಲೆಯನ್ನು ೧೯೩೯ರಲ್ಲಿ ಇಲ್ಲಿಗೆ ತಂದಿದ್ದರು. ಸುತ್ತಲೂ ಏಳು ಮೈಲಿ ಬೇಲಿ. ಒಳಗೆ ತೋಟ, ಆಸ್ಪತ್ರೆ, ಪೋಲೋ ಮೈದಾನ. ವಿಮಾನ ನಿಲ್ದಾಣ ಮಾತ್ರ ಬೇಲಿಯ ಹೊರಗೆ. ಅದರ ದಕ್ಷಿಣಕ್ಕೆ, ಕೂಗಳತೆಯಲ್ಲೇ ಎನ್ನಬಹುದು, ಒಂದು ಎತ್ತರವಾದ ದಿಬ್ಬ.

೧೯೪೧ರ ಏಪ್ರಿಲ್ ಮೊದಲಲ್ಲಿ ರಷೀದ್ ಆಲಿ ಗೈಲಾನಿಯೂ ಅವನ ಪಕ್ಷದ ಸೇನಾನಿಗಳೂ ಬಾಗ್ದಾದಿನಲ್ಲಿ ಅಧಿಕಾರವನ್ನು ಹಿಡಿದರು. ೧೯೩೦ರ ಒಪ್ಪಂದದ ಹೆಸರಿನಲ್ಲಿ ಪರರಾಜ್ಯದ ಸೇನೆ ತಮ್ಮ ನೆಲದಲ್ಲಿ ಕುಳಿತಿರುವುದು ಅನೇಕ ಇರಾಕಿಗಳಿಗೆ ಸಹಿಸದ ಸಂಗತಿಯಾಗಿದ್ದಿತು. ಅವರ ಅಸಮಾಧಾನ ಕಾರಣವಿಲ್ಲದ್ದೆಂದು ನಮ್ಮ ದೇಶದವರು ಹೇಳಲಾರರು. ಬ್ರಿಟಿಷರಿಗೋ ಎಣ್ಣೆಯ ಚಿಂತೆ, ಜರ್ಮನರು ಬಂದಾರೆಂಬ ಭಯ. ಏಪ್ರಿಲ್ ೧೮ರಂದು ಇಂಡಿಯದ ೨೦ನೆಯ ಬ್ರಿಗೇಡು ಬಸ್ರದಲ್ಲಿ ಇಳಿಯಿತು. ೩೦ನೆಯ ತಾರೀಖು ಬೆಳಗಾಗುವಾಗ ದಿಬ್ಬದ ಮೇಲೆ ಇರಾಕಿ ಫಿರಂಗಿಗಳು ಕಾಣಿಸಿದುವು. ಒಬ್ಬ ದೂತನು ಬಂದು, ಯಾವ ವಿಮಾನವೂ ಹಾರಕೂಡದೆಂದು ಹೇಳಿದನು. ಶಾಲೆಯ ಶಿಕ್ಷಣ ಹಾರಾಟಕ್ಕೆ ಅಡ್ಡಿ ಮಾಡಿದರೆ ಅದನ್ನು ಯುದ್ಧವೆಂದೇ ಭಾವಿಸುತ್ತೇವೆಂದು ಉತ್ತರ ಹೋಯಿತು. ಪಾಠ ನಡೆಯಬೇಕೆಂಬ ಹಟವನ್ನು ಇಷ್ಟು ಗಂಭೀರವಾಗಿ ಯಾವ ಉಪಾಧ್ಯಾಯನೂ ಹೇಳಿರಲಾರನು!

ಆ ವೇಳೆಗೆ ಶಾಲೆಯವರು ಸಿದ್ಧತೆ ನಡೆಸಿದ್ದರು. ಸಣ್ಣ ಗುಂಡುಗಳನ್ನಷ್ಟೇ ಹೊರುತ್ತಿದ್ದ ಆಡ್ಯಾಕ್ಸಿಗೆ ೨೫೦ ಪೌಂಡಿನ ಎರಡು ಬಾಂಬುಗಳನ್ನು ತೂಗುಹಾಕುವಂತೆ ಮಾಡಿದರು. ಪೋಲೋ ಮೈದಾನವನ್ನು ವಿಮಾನ ಏಳುವುದಕ್ಕೆ ಅಣಿಗೊಳಿಸಿದರು. ಆಡ್ಯಾಕ್ಸುಗಳು ಮೂವತ್ತಕ್ಕೆ ಮೇಲೆ. ಜೊತೆಗೆ ಆಕ್ಸ್‌ಫರ್ಡ್ ಶಿಕ್ಷಣ ವಿಮಾನಗಳೂ ಕೆಲವು ಗ್ಲಾಡಿಯೇಟರು, ಗಾರ್ಡನ್ನುಗಳೂ ಇದ್ದುವು. ಚಾಲಕರು ಮಾತ್ರ ನಲವತ್ತಕ್ಕೂ ಕಡಮೆ. ಅವರಲ್ಲಿ ಬಹುಮಂದಿ ಉಪಾಧ್ಯಾಯರು, ಕೆಲವರು ವಿದ್ಯಾಭ್ಯಾಸ ಮುಗಿಯದ ಶಿಷ್ಯರು.

ಮೇ ೨ರಂದು ಬೆಳಗಿನ ಐದು ಗಂಟೆಗೆ ಏರ್ ವೈಸ್ ಮಾರ್ಷಲ್ ಸ್ಮಾರ್ಟನ ಅಪ್ಪಣೆಯಂತೆ ಬಾಂಬುಗಳು ಬಿದ್ದುವು. ಬಸ್ರದ ಬಳಿಯ ಷೈಬದಿಂದ ವೆಲಿಂಗ್‌ಟನ್ ವಿಮಾನಗಳೂ ಬಂದಿದ್ದುವು. ದಿಬ್ಬದ ಫಿರಂಗಿಗಳು ಒಡನೆಯೇ ಉತ್ತರ ಕೊಟ್ಟುವು. ವಿಮಾನ ಇಳಿದೊಡನೆ ಒಬ್ಬನು ವರದಿ ಒಪ್ಪಿಸಿ ಮುಂದಿನ ಗುರಿಯನ್ನು ಕೇಳಿಕೊಂಡು ಬರಲು ಓಡುವನು. ಇನ್ನೊಬ್ಬನು ನಿಂತು ಎಣ್ಣೆ, ಬಾಂಬುಗಳನ್ನು ತುಂಬಿಸುವನು. ಆ ಒಂದೇ ದಿನ ೧೯೩ ಸಲ ಹಾರಿದರು. ಸಂಜೆಯ ವೇಳೆಗೆ ೬೪ ವಿಮಾನಗಳಲ್ಲಿ ೨೨ ಕೆಲಸಕ್ಕೆ ಬಾರದಂತಾದುವು. ೩೯ ಚಾಲಕರಲ್ಲಿ ೧೦ ಮಂದಿ ಸತ್ತಿದ್ದರು ಅಥವಾ ಆಸ್ಪತ್ರೆ ಸೇರಿದ್ದರು. ನಿಧಾನವಾಗಿ, ತಗ್ಗಿನಲ್ಲಿ ಹಾರುವ ಬಟ್ಟೆಯ ವಿಮಾನಕ್ಕೆ ಸಿಪಾಯಿಯ ಕೈಬಂದೂಕೂ ಶತ್ರುವೇ. ಆದರೆ ಆ ನಿಧಾನವೇ ಗುರಿಗೆ ಸಹಾಯಕವಾಯಿತೆಂಬುದನ್ನೂ ಹೇಳಬೇಕು.

ಇರಾಕಿಗಳ ಫಿರಂಗಿಗಳು ನೀರಿನ ತೊಟ್ಟಿಯ ಗೋಪುರವೊಂದನ್ನು ಕೆಡವಿದ್ದರೂ ಸಾಕಾಗಿತ್ತು. ಆ ಬಿಸಿಲಿನ ನಾಡಿನಲ್ಲಿ ಮುತ್ತಿಗೆ ಬೇಗನೆ ಮುಗಿಯುತ್ತಿದ್ದಿತು. ಹಾಗೆ ಆಗಲಿಲ್ಲ. ತಲೆಯ ಮೇಲೆ ಹಗಲೂ ರಾತ್ರಿಯೂ ವಿಮಾನ ಸುತ್ತುತ್ತಿದ್ದುದರಿಂದ ಫಿರಂಗಿಯವರು ಬಾಯಿಬಿಡಲು ಹೆದರಿದರು. ಅವರಿಗೆ ಅನ್ನವೂ ನೀರೂ ಸರಿಯಾಗಿ ಮುಟ್ಟಲಿಲ್ಲ. ಮೇ ೬ರಂದು ದಿಬ್ಬ ಬರಿದಾಯಿತು. ಅಂದು ಫಲ್ಲೂಜದ ದಾರಿಯಲ್ಲಿ ನೆರವಿಗೆ ಬರುತ್ತಿದ್ದ ಇರಾಕಿ ದಳವು ಹಿಂದಿರುಗುತ್ತಿದ್ದ ದಳವನ್ನು ಸಂಧಿಸಿ ರಸ್ತೆ ಕಿಕ್ಕಿರಿದಿರುವಾಗ, ಶಾಲೆಯ ವಿಮಾನಗಳು ಅವರ ಮೇಲೆ ಎರಗಿದುವು. ಅದನ್ನು ವಿಜಯವೆಂದು ಎಣಿಸುವವರು ಆ ರಸ್ತೆಯಲ್ಲಿ ಸುಟ್ಟುಹೋದವರನ್ನೂ ಎಣಿಸುವುದು ನ್ಯಾಯ.

ಇನ್ನೊಂದು ವಿಚಿತ್ರ. ಇರಾಕಿನ ವಾಯುಪಡೆಯಲ್ಲಿಯೂ ಇದೇ ಆಡ್ಯಾಕ್ಸುಗಳಿದ್ದುವು. ಬೇರೆ ಎಂಜಿನನ್ನು ಹಾಕಿಸಿ ‘ನಿಸ್ರ್’, ಎಂದರೆ ಹದ್ದು, ಎಂಬ ಹೆಸರಿನಿಂದ ಇಂಗ್ಲೆಂಡಿನಿಂದಲೇ ಕೊಂಡವು. ಒಂದೇ ಕಾರ್ಖಾನೆಯ ದಾಯಾದಿಗಳು ಒಂದೇ ಆಕಾಶದಲ್ಲಿ ಎದುರಾಳಿಗಳಾದುವು. ಇರಾಕಿನ ವಿಮಾನಗಳಲ್ಲಿ ಬಹಳಷ್ಟು ನೆಲದ ಮೇಲೆಯೇ ನಾಶವಾದುವು.

ತಿಂಗಳ ನಡುವೆ ಮೋಸಲಿಗೆ ಜರ್ಮನರ ಮೆಸ್ಸರ್‌ಷ್ಮಿಟ್ಟುಗಳೂ ಹೈಂಕೆಲ್ಲುಗಳೂ ಬಂದಿಳಿದು ಹಬ್ಬಾನಿಯವನ್ನು ಬಾಧಿಸಿದುವು. ಆದರೆ ಅವು ಬಂದದ್ದು ತಡವಾಗಿ, ಸಂಖ್ಯೆಯೂ ಅಲ್ಪ. ಮೇ ೩೧ರಂದು ಯುದ್ಧ ನಿಂತಿತು. ಮುತ್ತಿಗೆಯ ಐದು ದಿನಗಳಲ್ಲಿ ಶಾಲೆಯ ವಿಮಾನಗಳು ೬೪೭ ಸಲ ಹಾರಿ ೩,೦೦೦ಕ್ಕೂ ಹೆಚ್ಚು ಬಾಂಬುಗಳನ್ನು ಹಾಕಿದ್ದುವು. ಹಾರುವವರಲ್ಲಿ ೧೩ ಮಂದಿ ತೀರಿಕೊಂಡರು, ೨೧ ಮಂದಿಗೆ ತೀವ್ರವಾಗಿ ಗಾಯವಾಯಿತು, ನಾಲ್ವರ ನರಗಳು ಸೋತುಹೋದುವು. ಆಡ್ಯಾಕ್ಸುಗಳಲ್ಲಿ ಎಷ್ಟೋ ಚೂರಾಗಿದ್ದುವು. ಉಳಿದವು ತೇಪೆ ಹಾಕಿದ ಬಟ್ಟೆಯೊಡನೆ ನಿಂತಿದ್ದುವು. ಅಲ್ಲಿ ಮತ್ತೆ ಪಾಠ ಆರಂಭವಾಗಲಿಲ್ಲ. ಅದೇ ಜುಲೈ ತಿಂಗಳ ಮೊದಲ ದಿನ ಶಾಲೆಯನ್ನು ವಿಸರ್ಜಿಸಿದರು.