ತೂಕ ಇಳಿದ ಮೇಲೆ ಸ್ತನ ಶಸ್ತ್ರಚಿಕಿತ್ಸೆ: ಇಂಪ್ಲಾಂಟ್ ಎದೆಸ್ನಾಯುವಿನ ಮೇಲೋ, ಕೆಳಗೋ?

1. ಪ್ರಶ್ನೆ

ಬೊಜ್ಜಿನ ಶಸ್ತ್ರಚಿಕಿತ್ಸೆಯಿಂದಾಗಲಿ, ಔಷಧದಿಂದಾಗಲಿ, ಕಟ್ಟುನಿಟ್ಟಾದ ಆಹಾರಕ್ರಮದಿಂದಾಗಲಿ ಹೆಚ್ಚು ತೂಕ ಇಳಿಸಿಕೊಂಡ ಮಹಿಳೆಯರಲ್ಲಿ ಸ್ತನದೊಳಗಿನ ಕೊಬ್ಬು ಕರಗುತ್ತದೆ. ಅದನ್ನು ಹೊದ್ದಿದ್ದ ಚರ್ಮ ಮಾತ್ರ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಸ್ತನದ ಮೇಲ್ಭಾಗ ಬರಿದಾಗುತ್ತದೆ, ಮೊಲೆತೊಟ್ಟು ಕೆಳಕ್ಕೂ ಎದೆಯ ಮಧ್ಯದ ಕಡೆಗೂ ಸರಿಯುತ್ತದೆ, ಕಂಕುಳಿನ ಕೆಳಗೆ ಚರ್ಮದ ಮಡಿಕೆ ಉಳಿಯುತ್ತದೆ. ಜೋತ ಸ್ತನವನ್ನು ಎತ್ತಿ ಕಟ್ಟುವ ಶಸ್ತ್ರಚಿಕಿತ್ಸೆಗೆ ಮಾಸ್ಟೊಪೆಕ್ಸಿ ಎಂದು ಹೆಸರು. ಕಳೆದುಹೋದ ಗಾತ್ರವನ್ನೂ ತುಂಬಬೇಕೆಂದರೆ ಅದರೊಂದಿಗೆ ಇಂಪ್ಲಾಂಟ್ ಇಡಬೇಕಾಗುತ್ತದೆ. ಆಗ ವೈದ್ಯರೂ ರೋಗಿಯೂ ಮೊದಲು ಕೇಳುವುದು, ಇಂಪ್ಲಾಂಟನ್ನು ಎದೆಸ್ನಾಯುವಿನ ಮೇಲಿಡಬೇಕೋ ಕೆಳಗಿಡಬೇಕೋ ಎಂದು.

ಇಂಪ್ಲಾಂಟ್ ಕೂರುವ ಈ ಪದರದ ಆಯ್ಕೆಯಿಂದ ಸ್ತನದ ಮೇಲ್ಭಾಗದ ಸಮಸ್ಯೆಗೆ ಪರಿಹಾರ ಸಿಗುತ್ತದೆ. ಆದರೆ ತೂಕ ಇಳಿದವರಲ್ಲಿ ಶಸ್ತ್ರಚಿಕಿತ್ಸೆ ಹೆಚ್ಚಾಗಿ ಸೋಲುವುದು ಕೆಳಭಾಗದಲ್ಲಿ. ಈ ಟಿಪ್ಪಣಿಯ ವಾದ ಇಷ್ಟೇ.

2. ಹಿನ್ನೆಲೆ

ಸಿಲಿಕೋನ್ ಜೆಲ್ ತುಂಬಿದ ಇಂಪ್ಲಾಂಟನ್ನು 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಮೊದಲು ಬಳಸಿದರು. ಆರಂಭದ ವರ್ಷಗಳಲ್ಲಿ ಅದನ್ನು ಸ್ತನಗ್ರಂಥಿಯ ಹಿಂದೆ, ಸ್ನಾಯುವಿನ ಮೇಲೆ ಇಡುತ್ತಿದ್ದರು. ಇಂಪ್ಲಾಂಟ್ ಸುತ್ತ ದೇಹ ಕಟ್ಟಿಕೊಳ್ಳುವ ನಾರುಕವಚ ಬಿಗಿದು ಸ್ತನವನ್ನು ಗಟ್ಟಿಯಾಗಿಸುವುದು ಆಗ ಕಂಡ ದೊಡ್ಡ ತೊಡಕು. 1968ರಲ್ಲಿ ಡೆಂಪ್ಸಿ ಮತ್ತು ಲೇಥಮ್ ಸ್ನಾಯುವಿನ ಕೆಳಗಿಡುವ ವಿಧಾನವನ್ನು ವರದಿ ಮಾಡಿದರು. 2001ರಲ್ಲಿ ಡಲ್ಲಾಸ್‌ನ ಜಾನ್ ಟೆಬೆಟ್ಸ್ ‘ಡ್ಯುಯಲ್ ಪ್ಲೇನ್’ ವಿಧಾನವನ್ನು ಮಂಡಿಸಿದರು. ಇದರಲ್ಲಿ ಇಂಪ್ಲಾಂಟಿನ ಮೇಲ್ಭಾಗವನ್ನು ಸ್ನಾಯು ಮುಚ್ಚುತ್ತದೆ, ಕೆಳಭಾಗವನ್ನು ಸ್ತನದ ಅಂಗಾಂಶವೇ ಮುಚ್ಚುತ್ತದೆ. ಸ್ನಾಯುವಿನ ತೆಳು ಹೊದಿಕೆಯಾದ ಫ್ಯಾಸಿಯಾದ ಕೆಳಗಿಡುವ ಮಾರ್ಗವನ್ನು ಬ್ರೆಜಿಲ್‌ನ ರೂತ್ ಗ್ರಾಫ್ 2003ರಲ್ಲಿ ವಿವರಿಸಿದರು.

ಎತ್ತುವುದನ್ನೂ ತುಂಬುವುದನ್ನೂ ಒಂದೇ ಬಾರಿಗೆ ಮಾಡುವ ಬಗ್ಗೆ ಸ್ಕಾಟ್ ಸ್ಪಿಯರ್ ಅದೇ 2003ರಲ್ಲಿ ತಮ್ಮ ಸಹೋದ್ಯೋಗಿಗಳನ್ನು ಎಚ್ಚರಿಸಿದರು. ಮಾಸ್ಟೊಪೆಕ್ಸಿ ಚರ್ಮವನ್ನು ಕಡಿಮೆ ಮಾಡಿ ಬಿಗಿಗೊಳಿಸುತ್ತದೆ, ಇಂಪ್ಲಾಂಟ್ ಅದೇ ಚರ್ಮವನ್ನು ಹಿಗ್ಗಿಸುತ್ತದೆ. ಪರಸ್ಪರ ಎದುರು ದಿಕ್ಕಿನಲ್ಲಿ ಎಳೆಯುವ ಎರಡು ಕೆಲಸಗಳು ಒಂದೇ ಗಾಯದ ಮೇಲೆ ನಡೆಯುತ್ತವೆ.

3. ಈ ಅಂಗಾಂಶದ ಸ್ವಭಾವ

ಜೋತಿರುವ ಪ್ರಮಾಣವನ್ನು ಅಳೆಯಲು ಇಂದಿಗೂ ಪಾಲ್ ರೆನ್ಯೊ 1976ರಲ್ಲಿ ಕೊಟ್ಟ ವರ್ಗೀಕರಣವೇ ಬಳಕೆಯಲ್ಲಿದೆ. ಮೊಲೆತೊಟ್ಟು ಸ್ತನದಡಿಯ ಮಡಿಕೆಯ ಮಟ್ಟದಲ್ಲಿದ್ದರೆ ಮೊದಲ ದರ್ಜೆ. ಮಡಿಕೆಗಿಂತ ಕೆಳಗಿದ್ದೂ ಸ್ತನದ ತುದಿಗಿಂತ ಮೇಲಿದ್ದರೆ ಎರಡನೆಯದು. ತುದಿಯಲ್ಲೇ ನೆಲ ನೋಡುತ್ತಿದ್ದರೆ ಮೂರನೆಯದು. ತೂಕ ಇಳಿದವರಿಗೆ ಈ ಅಳತೆ ಸಾಲದು, ಏಕೆಂದರೆ ಅದು ತೊಟ್ಟಿನ ಸ್ಥಾನವನ್ನಷ್ಟೇ ಹೇಳುತ್ತದೆ. ಪೀಟರ್ ರೂಬಿನ್ ಮತ್ತು ಅವರ ಪಿಟ್ಸ್‌ಬರ್ಗ್ ತಂಡ 2005ರಲ್ಲಿ ಪ್ರಕಟಿಸಿದ ಮಾಪಕ ಗಾತ್ರದ ನಷ್ಟ, ಚರ್ಮದ ಸಡಿಲ, ಪಕ್ಕದ ಮಡಿಕೆ ಇವನ್ನೂ ಸೇರಿಸಿಕೊಂಡು 0ಯಿಂದ 3ರವರೆಗೆ ಅಂಕ ಕೊಡುತ್ತದೆ.

ಬಹುಕಾಲ ಹಿಗ್ಗಿದ್ದ ಚರ್ಮದಲ್ಲಿ ಕೊಲಾಜೆನ್ ಮತ್ತು ಎಲಾಸ್ಟಿನ್ ನಾರುಗಳು ಹಾಳಾಗಿರುತ್ತವೆ. ಹಿಗ್ಗಿದ ಬಿಳಿ ಗೆರೆಗಳು ಅದರ ಹೊರಗುರುತು. ಹೆರಿಗೆಯ ನಂತರ ಜೋತ ಸ್ತನಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ: ಶಸ್ತ್ರಚಿಕಿತ್ಸಕರು ಬಿಗಿಗೊಳಿಸಿದ ಚರ್ಮ ಬಿಗಿಯಾಗಿಯೇ ಉಳಿಯುತ್ತದೆಂಬ ಭರವಸೆ ಇಲ್ಲಿ ತೀರಾ ಕಡಿಮೆ. ಗ್ರಂಥಿಗೂ ಅದರ ಹಿಂದಿನ ಸ್ನಾಯುವಿಗೂ ನಡುವಿನ ಹಿಡಿತವೂ ಸಡಿಲವಾಗಿರುತ್ತದೆ.

4. ಪದರಗಳ ತುಲನೆ

ಗ್ರಂಥಿಯ ಹಿಂದೆ, ಸ್ನಾಯುವಿನ ಮೇಲೆ: ಖಾಲಿಯಾದ ಚರ್ಮಚೀಲವನ್ನು ನೇರವಾಗಿ ತುಂಬುವುದು ಇದೇ ಮಾರ್ಗ. ಕೈ ಎತ್ತಿದಾಗ, ಭಾರ ತಳ್ಳಿದಾಗ ಸ್ತನ ವಿಕಾರವಾಗಿ ಅಲುಗುವುದಿಲ್ಲ. ತೂಕ ಇಳಿಸಿ ನಿತ್ಯ ಜಿಮ್‌ಗೆ ಹೋಗುವವರಿಗೆ ಇದು ಸಣ್ಣ ಮಾತಲ್ಲ. ಆದರೆ ತೆಳುವಾದ ಮೇಲ್ಭಾಗದಲ್ಲಿ ಇಂಪ್ಲಾಂಟಿನ ಅಂಚೂ ಸುಕ್ಕೂ ಚರ್ಮದ ಮೇಲೆ ಕಾಣುತ್ತವೆ. ಮೇಲ್ಭಾಗದ ಅಂಗಾಂಶವನ್ನು ಬೆರಳುಗಳ ನಡುವೆ ಹಿಡಿದಾಗ ದಪ್ಪ 2 ಸೆಂ.ಮೀ.ಗಿಂತ ಕಡಿಮೆ ಬಂದರೆ ಸ್ನಾಯುವಿನ ಹೊದಿಕೆ ಬೇಕು ಎಂಬುದು ಟೆಬೆಟ್ಸ್ ಕೊಟ್ಟ ನಿಯಮ. ಕೊಬ್ಬು ಕರಗಿದವರಲ್ಲಿ ಅನೇಕರು ಈ ಗೆರೆಯ ಕೆಳಗೇ ಬರುತ್ತಾರೆ.

ರಕ್ತಪೂರೈಕೆಯ ಪ್ರಶ್ನೆ ಇದಕ್ಕಿಂತ ಗಂಭೀರ. ಎದೆಮೂಳೆಯ ಪಕ್ಕದಿಂದ, ಕಂಕುಳಿನ ಕಡೆಯಿಂದ, ಪಕ್ಕೆಲುಬುಗಳ ನಡುವಿನಿಂದ ಮತ್ತು ಸ್ನಾಯುವನ್ನು ತೂರಿಕೊಂಡು ಬರುವ ಸಣ್ಣ ರಕ್ತನಾಳಗಳು ಮೊಲೆತೊಟ್ಟನ್ನು ಪೋಷಿಸುತ್ತವೆ. ಮಾಸ್ಟೊಪೆಕ್ಸಿಯ ಕೊಯ್ತ ಚರ್ಮದ ಕಡೆಯ ಹರಿವನ್ನು ಕಡಿಮೆ ಮಾಡುತ್ತದೆ. ಗ್ರಂಥಿಯನ್ನು ಸ್ನಾಯುವಿನಿಂದ ಬಿಡಿಸಿದರೆ ಹಿಂದಿನಿಂದ ಬರುವ ನಾಳಗಳೂ ಹೋಗುತ್ತವೆ. ಇಂಪ್ಲಾಂಟ್ ಸ್ನಾಯುವಿನ ಕೆಳಗೆ ಕೂತರೆ ಆ ನಾಳಗಳು ಉಳಿಯುತ್ತವೆ. ಎರಡೂ ಶಸ್ತ್ರಚಿಕಿತ್ಸೆಗಳನ್ನು ಒಟ್ಟಿಗೆ ಮಾಡುವಾಗ ಸ್ನಾಯುವಿನ ಕೆಳಗಿನ ಜಾಗವನ್ನು ಆರಿಸಲು ಇರುವ ಕಾರಣಗಳಲ್ಲಿ ಇದೇ ಬಲವಾದದ್ದು.

ಪೂರ್ತಿ ಸ್ನಾಯುವಿನ ಕೆಳಗೆ: ಇಲ್ಲಿ ಹೊದಿಕೆ ಚೆನ್ನಾಗಿರುತ್ತದೆ, ಕವಚ ಬಿಗಿಯುವ ಸಾಧ್ಯತೆ ಕಡಿಮೆ, ಮ್ಯಾಮೊಗ್ರಾಮ್‌ನಲ್ಲಿ ಗ್ರಂಥಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಸ್ನಾಯು ಇಂಪ್ಲಾಂಟನ್ನು ಮೇಲೆಯೇ ಹಿಡಿದಿಟ್ಟು, ಸಡಿಲವಾದ ಗ್ರಂಥಿ ಅದರ ಮುಂದಿನಿಂದ ಕೆಳಕ್ಕೆ ಜಾರಬಹುದು. ಮೇಲೊಂದು ಉಬ್ಬು, ಕೆಳಗೊಂದು ಜೋಲು. ಶಸ್ತ್ರಚಿಕಿತ್ಸಕರು ಇದನ್ನು ‘ವಾಟರ್‌ಫಾಲ್’ ವಿಕೃತಿ ಎನ್ನುತ್ತಾರೆ. ಗ್ರಂಥಿ–ಸ್ನಾಯುಗಳ ಹಿಡಿತ ತಪ್ಪಿದ ಸ್ತನದಲ್ಲಿ ಈ ಅಪಾಯ ಹೆಚ್ಚು.

ಡ್ಯುಯಲ್ ಪ್ಲೇನ್: ಸ್ನಾಯುವಿನ ಕೆಳಅಂಚನ್ನು ಮಡಿಕೆಯ ಉದ್ದಕ್ಕೆ ಬಿಡಿಸಿ, ಅಗತ್ಯವಿದ್ದಷ್ಟು ಗ್ರಂಥಿಯನ್ನು ಸ್ನಾಯುವಿನಿಂದ ಬೇರ್ಪಡಿಸುತ್ತಾರೆ. ಮೊದಲ ಬಗೆಯಲ್ಲಿ ಈ ಬೇರ್ಪಡಿಕೆ ಇಲ್ಲ. ಎರಡನೆಯದು ತೊಟ್ಟಿನ ಸುತ್ತಲಿನ ವರ್ತುಲದ ಕೆಳಅಂಚಿನವರೆಗೆ, ಮೂರನೆಯದು ಮೇಲಂಚಿನವರೆಗೆ ಹೋಗುತ್ತದೆ. ಜಾರುವ ಗ್ರಂಥಿಗೆ ಇದು ಸರಿಯಾದ ಉತ್ತರ. ಆದರೆ ಬೇರ್ಪಡಿಕೆ ಮೇಲೇರಿದಷ್ಟೂ ಉಳಿಸಬೇಕೆಂದಿದ್ದ ರಕ್ತನಾಳಗಳು ಕಡಿಮೆಯಾಗುತ್ತವೆ. ದೊಡ್ಡ ಕೊಯ್ತದ ಮಾಸ್ಟೊಪೆಕ್ಸಿಯ ಜೊತೆಗೆ ಮೂರನೆಯ ಬಗೆಯನ್ನು ಸೇರಿಸುವವರು ಈ ಲೆಕ್ಕವನ್ನು ಮರೆಯುವಂತಿಲ್ಲ.

ಇಂಪ್ಲಾಂಟಿನ ಹೊರಮೈ ಕೂಡ ಈ ತೂಗಾಟಕ್ಕೆ ಸೇರುತ್ತದೆ. ಸ್ನಾಯುವಿನ ಮೇಲಿಟ್ಟಾಗ ಕವಚ ಬಿಗಿಯದಿರಲೆಂದು ಒರಟು ಹೊರಮೈಯವನ್ನು ಆರಿಸುವುದು ರೂಢಿಯಾಗಿತ್ತು. ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿಗೂ ಒರಟು ಇಂಪ್ಲಾಂಟಿಗೂ ಸಂಬಂಧ ಕಂಡುಬಂದು, 2019ರ ಜುಲೈನಲ್ಲಿ ಅಲರ್ಗನ್ ಸಂಸ್ಥೆ ತನ್ನ ಬಯೋಸೆಲ್ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ನುಣುಪು ಇಂಪ್ಲಾಂಟುಗಳ ಕಡೆಗೆ ಒಲವು ಹೆಚ್ಚಿದ ಮೇಲೆ ಸ್ನಾಯುವಿನ ಕೆಳಗಿನ ಜಾಗದ ಪರವಾದ ವಾದ ಇನ್ನಷ್ಟು ಗಟ್ಟಿಯಾಯಿತು.

5. ಕೆಳಭಾಗ ಮತ್ತು ಭಾರ

ಹಾಗಾದರೆ ಡ್ಯುಯಲ್ ಪ್ಲೇನ್ ಎಂದು ಬರೆದು ಮುಗಿಸಬಹುದೇ? ಆಗದು. ಆ ಪದರದಲ್ಲಿ ಇಂಪ್ಲಾಂಟಿನ ಕೆಳ ಅರ್ಧಕ್ಕೆ ಸ್ನಾಯುವಿನ ಆಸರೆ ಇಲ್ಲ. 300 ಸಿ.ಸಿ. ಸಿಲಿಕೋನ್ ಇಂಪ್ಲಾಂಟ್ ಹೆಚ್ಚುಕಡಿಮೆ 300 ಗ್ರಾಂ ತೂಗುತ್ತದೆ. ನಿಂತಾಗ, ನಡೆದಾಗ, ಓಡಿದಾಗ ಆ ಭಾರ ಬೀಳುವುದು ನಾರು ಕಳೆದುಕೊಂಡ ಅದೇ ಚರ್ಮದ ಮೇಲೆ. ಮೊಲೆತೊಟ್ಟಿನಿಂದ ಮಡಿಕೆಯವರೆಗಿನ ದೂರ ಕ್ರಮೇಣ ಹಿಗ್ಗಿ, ಇಂಪ್ಲಾಂಟ್ ಕೆಳಕ್ಕಿಳಿದು, ತೊಟ್ಟು ಮೇಲ್ಮುಖವಾಗುವ ತೊಡಕು ಹೀಗೆ ಹುಟ್ಟುತ್ತದೆ. ಸ್ನಾಯುವಿನ ಮೇಲಿಟ್ಟಿದ್ದರೂ ಈ ಕೆಳಭಾಗದ ಕಥೆ ಹೆಚ್ಚು ಬದಲಾಗುತ್ತಿರಲಿಲ್ಲ. ಆದ್ದರಿಂದ ಇಂಪ್ಲಾಂಟಿನ ಗಾತ್ರ ಪದರದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ದೊಡ್ಡ ನಿರ್ಧಾರ.

ಇಂಪ್ಲಾಂಟ್ ಇಲ್ಲದ ದಾರಿಯೂ ಇದೆ. ಪಕ್ಕದ ಮಡಿಕೆಯಲ್ಲಿ ಉಳಿದ ಅಂಗಾಂಶವನ್ನು ರಕ್ತಪೂರೈಕೆಯೊಡನೆ ಒಳಕ್ಕೆ ತಿರುಗಿಸಿ ಗಾತ್ರ ತುಂಬಬಹುದು. ರೂಬಿನ್ ಅವರ ವಿಧಾನದಲ್ಲಿ ಸ್ತನದ ಒಳಚರ್ಮವನ್ನು ಪಕ್ಕೆಲುಬಿನ ಹೊದಿಕೆಗೆ ಹೊಲಿದು ಆಧಾರ ಕೊಡುತ್ತಾರೆ. ಇಲ್ಲಿ ಭಾರ ಹೊರುವುದು ಬರಿಯ ಹೊರಚರ್ಮವಲ್ಲ. ಪಕ್ಕದಲ್ಲಿ ಸಾಕಷ್ಟು ಅಂಗಾಂಶ ಉಳಿದಿದ್ದು, ಅತಿಯಾದ ಗಾತ್ರದ ಅಪೇಕ್ಷೆ ಇಲ್ಲದವರಿಗೆ ಇದನ್ನೇ ಮೊದಲು ಪರಿಶೀಲಿಸಬೇಕು.

6. ಪುರಾವೆ

2014ರಲ್ಲಿ ಪ್ರಕಟವಾದ ಕ್ರಮಬದ್ಧ ಪರಾಮರ್ಶೆಯೊಂದು 23 ಅಧ್ಯಯನಗಳ 4,856 ಪ್ರಕರಣಗಳನ್ನು ಒಟ್ಟುಗೂಡಿಸಿತು. ಎರಡನ್ನೂ ಒಂದೇ ಬಾರಿಗೆ ಮಾಡಿದಾಗ ತೊಡಕುಗಳು 13.1%, ಮರುಶಸ್ತ್ರಚಿಕಿತ್ಸೆ 10.7%. ತೊಡಕುಗಳಲ್ಲಿ ಮುಂದಿದ್ದದ್ದು ಸ್ತನ ಮತ್ತೆ ಜೋಲುವುದು, 5.2%. ಸೋಂಕು, ರಕ್ತ ಕಟ್ಟುವುದು ಇವೆಲ್ಲ ಅದಕ್ಕಿಂತ ತೀರಾ ಕೆಳಗಿದ್ದವು. ಇದು ಎಲ್ಲ ಬಗೆಯ ರೋಗಿಗಳ ಒಟ್ಟು ಲೆಕ್ಕ. ತೂಕ ಇಳಿದವರ ಚರ್ಮದ ಗುಣವನ್ನು ನೆನೆದರೆ ಅವರಿಗೆ ಇದನ್ನು ಭರವಸೆಯ ಅಂಕಿಯಾಗಿ ಹೇಳುವುದು ಸರಿಯಲ್ಲ. ಮತ್ತೆ ಜೋಲುವುದೇ ಪಟ್ಟಿಯ ತಲೆಯಲ್ಲಿರುವುದು ಮೇಲಿನ ವಾದವನ್ನು ಬೆಂಬಲಿಸುತ್ತದೆ.

7. ತೀರ್ಮಾನ

ಭಾರತದಲ್ಲಿ 2025ರ ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವೆಗೋವಿ ಎಂಬ ತೂಕ ಇಳಿಸುವ ಔಷಧಗಳು ಮಾರುಕಟ್ಟೆಗೆ ಬಂದವು. ತೂಕ ಇಳಿಸಿದ ನಂತರದ ಚರ್ಮದ ಪ್ರಶ್ನೆ ಇನ್ನು ನಮ್ಮ ಊರುಗಳ ಚಿಕಿತ್ಸಾಲಯಗಳಿಗೂ ಹೆಚ್ಚಾಗಿ ಬರಲಿದೆ. ನಮ್ಮ ಮೈಬಣ್ಣದ ಚರ್ಮದಲ್ಲಿ ಗಾಯದ ಗುರುತು ಉಬ್ಬುವ, ಕಪ್ಪಾಗುವ ಸಾಧ್ಯತೆಯೂ ಹೆಚ್ಚು. ಅದನ್ನು ಮೊದಲೇ ತಿಳಿಸಬೇಕು.

ನಿರ್ಧಾರದ ಕ್ರಮ ಹೀಗಿರಬೇಕೆಂಬುದು ನನ್ನ ಸಲಹೆ. ತೂಕ ಕೆಲವು ತಿಂಗಳು ಒಂದೇ ಮಟ್ಟದಲ್ಲಿ ನಿಂತಿದೆಯೇ, ಪ್ರೋಟೀನ್, ಕಬ್ಬಿಣ, ಬಿ12 ಸರಿಯಿವೆಯೇ, ಧೂಮಪಾನ ನಿಂತಿದೆಯೇ ಎಂಬುದು ಮೊದಲು. ಸ್ವಂತ ಅಂಗಾಂಶದಿಂದಲೇ ಗಾತ್ರ ತುಂಬಬಹುದೇ ಎಂಬುದು ಎರಡನೆಯದು. ಇಂಪ್ಲಾಂಟ್ ಬೇಕೇಬೇಕಾದರೆ ಈ ಚರ್ಮ ಎಷ್ಟು ಭಾರ ಹೊರಬಲ್ಲದು ಎಂಬುದು ಮೂರನೆಯದು. ಪದರದ ಪ್ರಶ್ನೆ ಅದರ ನಂತರ: ಮೇಲ್ಭಾಗ ತೆಳುವಾಗಿದ್ದರೆ ಸೀಮಿತ ಬೇರ್ಪಡಿಕೆಯ ಡ್ಯುಯಲ್ ಪ್ಲೇನ್, ಮೇಲ್ಭಾಗ ದಪ್ಪವಿದ್ದು ಎದೆಸ್ನಾಯುವನ್ನು ದುಡಿಸುವವರಿಗೆ ಸ್ನಾಯುವಿನ ಮೇಲಿನ ಅಥವಾ ಫ್ಯಾಸಿಯಾದ ಕೆಳಗಿನ ಜಾಗ. ತೊಟ್ಟನ್ನು ಬಹಳ ಮೇಲಕ್ಕೆ ಸರಿಸಬೇಕಾದಲ್ಲಿ ಮೊದಲು ಎತ್ತಿ ಕಟ್ಟಿ, ಗಾಯ ಮಾಗಿ ಆಕಾರ ನೆಲೆಗೊಂಡ ಮೇಲೆ ಇಂಪ್ಲಾಂಟಿನ ಬಗ್ಗೆ ಯೋಚಿಸುವುದು ಸುರಕ್ಷಿತ. ಹಾಗೆ ಕಾದವರಲ್ಲಿ ಕೆಲವರಿಗೆ ಇಂಪ್ಲಾಂಟ್ ಬೇಕೆನಿಸದೆಯೂ ಹೋಗಬಹುದು.

ಇಂಪ್ಲಾಂಟ್ ಜೀವಮಾನದ ವಸ್ತುವಲ್ಲ. ಸಿಲಿಕೋನ್ ಇಂಪ್ಲಾಂಟ್ ಒಡೆದಿದೆಯೇ ಎಂದು ಶಸ್ತ್ರಚಿಕಿತ್ಸೆಯಾದ 5–6 ವರ್ಷಕ್ಕೆ ಮೊದಲ ಬಾರಿ, ಆಮೇಲೆ 2–3 ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಬೇಕೆಂದು ಅಮೆರಿಕದ ಎಫ್‌ಡಿಎ ಸಲಹೆ ಮಾಡುತ್ತದೆ. ಆ ಖರ್ಚನ್ನೂ, ಮುಂದೊಂದು ದಿನ ಬರಬಹುದಾದ ಇನ್ನೊಂದು ಶಸ್ತ್ರಚಿಕಿತ್ಸೆಯನ್ನೂ ಮಹಿಳೆಗೆ ಅಂಕಿಗಳೊಡನೆ ವಿವರಿಸಿ, ಅವಳು ಯೋಚಿಸಲು ಸಮಯ ಕೊಟ್ಟ ಮೇಲೆಯೇ ಸಹಿ ಪಡೆಯಬೇಕು.